ಬೆಳೆ ನಮ್ಮದು, ಲೆಕ್ಕವೂ ನಮ್ಮದಾಗಲಿ
(ಚಾಮರಾಜನಗರದಲ್ಲಿ ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವ್ಯಾಪಾರ ಮಾಡುವವರು ಯಾವ ಪುಸ್ತಕ ಓದಬೇಕು ಎಂದು ಹೇಳಲು ನನ್ನನ್ನು ಕರೆದಿದ್ದೀರಿ. ನಾನು ಪಂಡಿತನಲ್ಲ. ವ್ಯಾಪಾರದಲ್ಲಿ ಕೈಸುಟ್ಟುಕೊಂಡವನು. ಆ ಒಂದು ಅರ್ಹತೆಯ ಮೇಲೆ ಮಾತನಾಡುತ್ತೇನೆ.

ನಮ್ಮ ಜಿಲ್ಲೆಯ ಅರಿಶಿನ ಲಾರಿ ಹತ್ತಿ ಈರೋಡಿಗೆ ಹೋಗುತ್ತದೆ. ಪುಡಿಯಾಗಿ, ಪೊಟ್ಟಣವಾಗಿ, ಬಣ್ಣದ ಚೀಟಿ ಅಂಟಿಸಿಕೊಂಡ ಅರಿಶಿನ ಹೊರಗಿನಿಂದ ನಮ್ಮ ಅಂಗಡಿಗೆ ಬರುತ್ತದೆ. ಗುಂಡ್ಲುಪೇಟೆಯ ಚೆಂಡುಹೂವು ಓಣಂ ಹೊತ್ತಿಗೆ ಕೇರಳ ಸೇರುತ್ತದೆ. ತೆರಕಣಾಂಬಿಯ ತರಕಾರಿಯೂ ಗಡಿ ದಾಟುತ್ತದೆ. ಬೆಳೆ ನಮ್ಮದು, ಬೆವರು ನಮ್ಮದು, ಬೆಲೆ ಕಟ್ಟುವ ಬಾಯಿ ಮಾತ್ರ ಬೇರೆಯವರದು! ಏಕೆ ಹೀಗೆ? ಹೊರಗಿನವರನ್ನು ಬೈದರೆ ಚಪ್ಪಾಳೆ ಬೀಳುತ್ತದೆ, ಗಲ್ಲಾಪೆಟ್ಟಿಗೆ ತುಂಬುವುದಿಲ್ಲ. ಅವರು ಲೆಕ್ಕ ಕಲಿತರು. ನಾವು ಕಲಿಯಲಿಲ್ಲ. ಸತ್ಯ ಇಷ್ಟೇ.

ನನ್ನ ಕಥೆ ಕೇಳಿ. ಅರಿಶಿನ ಪುಡಿ ಮಾಡುವ ಮೆಷಿನ್ ಹಾಕಿದೆ. ಮೈಸೂರಿನ ಅಂಗಡಿಗಳಿಂದ ಬೇಡಿಕೆ ಬಂತು, ಪೂರೈಸಲು ಆಗಲಿಲ್ಲ. ಇನ್ನೊಂದು ಮೆಷಿನ್ ಬೇಕು ಎಂದುಕೊಂಡೆ. ಸಾಲಕ್ಕೆ ಹೋದೆ. ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು. ಅವರು ಬೆರಳಿಟ್ಟ ಕಡೆಯೆಲ್ಲ ರುಜು ಹಾಕಿದೆ. ಎರಡನೇ ಮೆಷಿನ್ ಬಂತು. ಆದರೂ ಅಂಗಡಿಗೆ ಹೋಗುವ ಮಾಲು ಒಂದು ಕೆಜಿಯೂ ಹೆಚ್ಚಲಿಲ್ಲ! ಮನೆಯಲ್ಲಿ ನನ್ನ ಹೆಂಡತಿ, ಅತ್ತಿಗೆ ಇಬ್ಬರೇ ಮೇಣದಬತ್ತಿ ಹಚ್ಚಿಕೊಂಡು ಪೊಟ್ಟಣದ ಬಾಯಿ ಅಂಟಿಸುತ್ತಿದ್ದರು. ಪುಡಿ ಮೂಟೆಗಟ್ಟಲೆ ಬಿದ್ದಿತ್ತು. ಹೋದಷ್ಟು ಮಾಲಿಗೂ ಅಂಗಡಿಯವರದು ಉದ್ರಿ. ಕೊನೆಗೆ ಮೆಷಿನ್ ಮನೆಗೆ ಬೀಗ ಬಿತ್ತು. ಕಂತು ಮಾತ್ರ ನಿಲ್ಲಲಿಲ್ಲ.

ಆಮೇಲೆ ನನ್ನ ಅಕ್ಕನ ಮಗ ಒಂದು ಪುಸ್ತಕ ತಂದು, ಸಂಜೆ ಸಂಜೆ ಕನ್ನಡದಲ್ಲಿ ಅರ್ಥ ಹೇಳಿದ. 1984ರಲ್ಲಿ ಬಂದ ಎಲಿಯಾಹು ಗೋಲ್ಡ್‌ರಾಟ್ ಅವರ 'ದಿ ಗೋಲ್'. ಅದು ಕಾದಂಬರಿ. ಮುಚ್ಚಿಹೋಗಲಿರುವ ಕಾರ್ಖಾನೆಯ ಮ್ಯಾನೇಜರ್ ಒಬ್ಬ ಹುಡುಗರನ್ನು ಕಾಡಿನ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಾನೆ. ಸಾಲಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವ ಹುಡುಗನ ವೇಗವೇ ಇಡೀ ಗುಂಪಿನ ವೇಗ ಎಂದು ಅವನಿಗೆ ಅಲ್ಲಿ ಹೊಳೆಯುತ್ತದೆ. ನನ್ನ ಸಾಲಿನ ನಿಧಾನದ ಹುಡುಗ ಮೆಷಿನ್ ಅಲ್ಲ, ಮೇಣದಬತ್ತಿ! ಸಾಲ ತೆಗೆಯುವ ಮೊದಲು ಇದು ಗೊತ್ತಿದ್ದರೆ? ಗುಂಡ್ಲುಪೇಟೆಯ ತರಕಾರಿ ವ್ಯಾಪಾರಿಗಳೂ ಇದನ್ನು ಓದಬೇಕು. 2009ರಿಂದ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಲಾರಿ ಎಷ್ಟು ಜೋರಾಗಿ ಓಡುತ್ತದೆ ಎಂಬುದಲ್ಲ, ಲೋಡು ಎಷ್ಟು ಬೇಗ ಮುಗಿಯುತ್ತದೆ ಎಂಬುದೇ ಅಲ್ಲಿ ಪ್ರಶ್ನೆ.

ಎರಡನೆಯದು ರಾಮ್ ಚರಣ್ ಅವರ 'ವಾಟ್ ದಿ ಸಿಇಒ ವಾಂಟ್ಸ್ ಯೂ ಟು ನೋ', 2001ರದು. ಹೆಸರು ದೊಡ್ಡದು, ಪುಸ್ತಕ ಸಣ್ಣದು. ಬರೆದವರು ಉತ್ತರ ಭಾರತದ ಸಣ್ಣ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಮನೆಯವರು. ಬೀದಿಬದಿಯಲ್ಲಿ ಹಣ್ಣು ಮಾರುವವಳ ತಲೆಯಲ್ಲಿರುವ ಲೆಕ್ಕವೇ ದೊಡ್ಡ ಕಂಪನಿಯ ಲೆಕ್ಕ ಎನ್ನುತ್ತಾರೆ. ಕೈಯಲ್ಲಿ ನಗದು ಎಷ್ಟು? ಒಂದು ಮಾಲಿಗೆ ಲಾಭ ಎಷ್ಟು? ಹಾಕಿದ ದುಡ್ಡು ಎಷ್ಟು ದಿನಕ್ಕೆ ತಿರುಗಿ ಬರುತ್ತದೆ? ಮೂರನೆಯ ಪ್ರಶ್ನೆ ಕೇಳದೆ ನಾನು ಉದ್ರಿ ಕೊಟ್ಟೆ, ಮುಳುಗಿದೆ.

ಮೂರನೆಯದು ವರ್ಗೀಸ್ ಕುರಿಯನ್ ಅವರ ಆತ್ಮಕಥೆ 'ಐ ಟೂ ಹ್ಯಾಡ್ ಎ ಡ್ರೀಮ್', 2005ರದು. ನಮ್ಮ ಗುಂಡ್ಲುಪೇಟೆಯಿಂದ ರಸ್ತೆ ಹೋಗುತ್ತದಲ್ಲ, ಅದೇ ಕೋಳಿಕ್ಕೋಡಿನಲ್ಲಿ ಹುಟ್ಟಿದವರು, ಗುಜರಾತಿನ ಆಣಂದದಲ್ಲಿ ಹಾಲು ಹಾಕುವ ರೈತರಿಗಾಗಿ ದುಡಿದರು. ಅಲ್ಲಿನ ರೈತರು 1946ರಲ್ಲಿ ತಮ್ಮದೇ ಸಂಘ ಕಟ್ಟಿ, ಹಾಲಿಗೆ ಬೆಲೆ ತಾವೇ ಕಟ್ಟುವಂತಾದರು. ಹಾಲಿಗೆ ಆದದ್ದು ಅರಿಶಿನಕ್ಕೆ ಏಕೆ ಆಗಬಾರದು?

ಕನ್ನಡದ್ದು ಒಂದೂ ಇಲ್ಲವೇ ಎಂದು ಕೇಳುತ್ತೀರಿ. ಇದೆ. ವಿವೇಕ ಶಾನಭಾಗರ 'ಘಾಚರ್ ಘೋಚರ್', 2013. ಮಸಾಲೆ ಸಾಮಾನು ತರಿಸಿ, ಸಣ್ಣ ಪೊಟ್ಟಣ ಮಾಡಿ ಮಾರಿ, ಬಡತನದಿಂದ ಮೇಲೆದ್ದ ಮನೆಯ ಕಥೆ. ದುಡ್ಡು ಬಂದ ಮೇಲೆ ಮನೆಯವರ ಮನಸ್ಸು ಏನಾಯಿತು ಎಂಬುದು ಅದರಲ್ಲಿದೆ. ಲಾಭ ಮಾಡುವುದನ್ನು ಕಲಿಸುವ ಪುಸ್ತಕ ಬಹಳ. ಲಾಭ ಬಂದ ಮೇಲೆ ಮನುಷ್ಯನಾಗಿ ಉಳಿಯುವುದನ್ನು ಯೋಚಿಸುವಂತೆ ಮಾಡುವುದು ಕಡಿಮೆ. ತಪ್ಪದೆ ಓದಿ.

ಆದರೆ ನೋಡಿ, ನಾನು ಹೆಸರಿಸಿದ ನಾಲ್ಕರಲ್ಲಿ ಮೂರು ಇಂಗ್ಲಿಷಿನವು. ಇದು ನಮಗೆ ನಾಚಿಕೆಯ ಮಾತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕ್ ಬಂತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಬಂತು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಬಂತು. ಬ್ಯಾಂಕು, ಭಾಷೆ, ವ್ಯಾಪಾರ ಮೂರೂ ಒಂದೇ ಕಾಲದಲ್ಲಿ, ಒಬ್ಬರೇ ದಿವಾನರ ಕಾಲದಲ್ಲಿ ಎದ್ದವು. ಆಮೇಲೆ ನಾವು ಭಾಷೆಯನ್ನು ಕವಿಗೋಷ್ಠಿಗೆ ಕಳಿಸಿದೆವು, ವ್ಯಾಪಾರವನ್ನು ಇಂಗ್ಲಿಷಿಗೆ ಬಿಟ್ಟೆವು. ಆ ಬ್ಯಾಂಕು ಕೂಡ 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಅನ್ನದ ಭಾಷೆಯಾಗದೆ ಕನ್ನಡ ಬರೀ ಹಾಡಿನ ಭಾಷೆಯಾಗಿ ಎಷ್ಟು ದಿನ ಉಳಿದೀತು?

ಅದಕ್ಕೆ ಮೂರು ಕೆಲಸ ಹೇಳಿ ಮುಗಿಸುತ್ತೇನೆ. ಒಂದು, ಇಂಗ್ಲಿಷ್ ಬಲ್ಲವರು ಒಂದು ಪುಸ್ತಕ ಓದಿ, ವಾರಕ್ಕೊಂದು ಸಂಜೆ ಹತ್ತು ಜನರಿಗೆ ಕನ್ನಡದಲ್ಲಿ ಹೇಳಿ. ನನ್ನ ಅಕ್ಕನ ಮಗ ಮಾಡಿದ್ದು ಅಷ್ಟೇ. ಎರಡು, ಸಾಲದ ಕಾಗದವನ್ನು ಕನ್ನಡದಲ್ಲಿ ಕೇಳಿ, ಅರ್ಥವಾಗದೆ ರುಜು ಹಾಕಬೇಡಿ. ಮೂರು, ಸಂತೆಯಲ್ಲಿ, ಮಂಡಿಯಲ್ಲಿ ನಲವತ್ತು ವರ್ಷ ಕೂತ ಹಿರಿಯರ ಹತ್ತಿರ ಹೋಗಿ, ಅವರ ಲೆಕ್ಕ ಬರೆದುಕೊಳ್ಳಿ. ಗೆದ್ದದ್ದನ್ನೂ ಬರೆಯಿರಿ, ಸೋತದ್ದನ್ನೂ ಬರೆಯಿರಿ. ನಮ್ಮ ಜಿಲ್ಲೆಯ ವ್ಯಾಪಾರದ ಪುಸ್ತಕ ಅಲ್ಲಿಂದಲೇ ಹುಟ್ಟಬೇಕು. ಮೊದಲ ಅಧ್ಯಾಯಕ್ಕೆ ನನ್ನ ಸೋಲನ್ನು ಕೊಡಲು ನಾನು ತಯಾರಿದ್ದೇನೆ. ಎರಡನೆಯದಕ್ಕೆ ನಿಮ್ಮ ಗೆಲುವು ಬೇಕು.

ಸಿರಿಗನ್ನಡಂ ಗೆಲ್ಗೆ!