ತೂತು ಮುಚ್ಚುವವರು ಯಾರು?

ಹೊಸ ಪದವೀಧರರೇ,

ಕಟ್ಟಡಗಳ ಕರೆಂಟು ಕೆಲಸ ನೋಡಿಕೊಂಡೇ ತಲೆ ನೆರೆಯಿಸಿಕೊಂಡವನು ನಾನು. ಇಲ್ಲಿ ಎಡಗಡೆ ಸಿವಿಲ್‌ನವರು, ಬಲಗಡೆ ಎಲೆಕ್ಟ್ರಿಕಲ್‌ನವರು ಕೂತಿದ್ದೀರಿ. ನಡುವೆ ಖಾಲಿ ದಾರಿ. ನನ್ನ ಮಾತು ಆ ಖಾಲಿ ಜಾಗದ್ದು.

ಮಹಡಿ ಕಟ್ಟಡದಲ್ಲಿ ಕೇಬಲ್ ಮೇಲೇರಲು ಶಾಫ್ಟ್ ಬಿಡುತ್ತೇವೆ, ಒಂದೊಂದು ಸ್ಲ್ಯಾಬಿನಲ್ಲೂ ಒಂದು ಕಿಂಡಿ. ಕೇಬಲ್ ಎಳೆದಾದ ಮೇಲೆ ಉಳಿಯುವ ಸಂದನ್ನು ಬೆಂಕಿ ತಡೆಯುವ ಸಾಮಗ್ರಿಯಿಂದ ಪ್ರತಿ ಮಹಡಿಯಲ್ಲೂ ಮುಚ್ಚಬೇಕು, ಅದೇ ಶಾಫ್ಟಿನಲ್ಲಿ ನೀರಿನ ಪೈಪು, ಗ್ಯಾಸ್ ಪೈಪು ಹಾಯಿಸಬಾರದು ಎನ್ನುತ್ತದೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ. ಮುಚ್ಚದಿದ್ದರೆ? ಅಜ್ಜಿಮನೆಯ ಅಡುಗೆಕೋಣೆಯ ಗವಾಕ್ಷಿ ನೆನಪಿಸಿಕೊಳ್ಳಿ. ಒಲೆಯ ಹೊಗೆ ದಾರಿ ಕೇಳದೆ ಅಲ್ಲಿಗೇ ಹೋಗುತ್ತಿತ್ತು. ಮುಚ್ಚದ ಶಾಫ್ಟ್ ಏಳೆಂಟು ಮಹಡಿಯ ಗವಾಕ್ಷಿ. ಒಂದೇ ವ್ಯತ್ಯಾಸ, ಅದರ ಬಾಯಿಗಳು ಜನ ಕೂತ ಕಡೆಗೆ ತೆರೆದಿರುತ್ತವೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಆದದ್ದು ಅದೇ. ಬೆಂಕಿ ಹುಟ್ಟಿದ್ದು ಕೇಬಲ್ ಡಕ್ಟಿನಲ್ಲಿ. ಮೇಲಿನ ಮಹಡಿಗಳಿಗೆ ಹೋದದ್ದು ಹೊಗೆ. ಮೆಟ್ಟಿಲುಗಳೂ ಹೊಗೆಯಿಂದ ತುಂಬಿದವು. ಉಸಿರು ಕಟ್ಟಿದವರು ಕಿಟಕಿ ಗಾಜು ಒಡೆದರು, ಕೆಲವರು ಹಾರಿದರು. ಒಂಬತ್ತು ಜನ ಸತ್ತರು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರಲ್ಲಿ ನೆಲಮಹಡಿಯ ಟ್ರಾನ್ಸ್‌ಫಾರ್ಮರ್‌ನಿಂದ ಹಬ್ಬಿದ ಬೆಂಕಿಯ ಹೊಗೆ ಬಾಲ್ಕನಿಗೆ ಏರಿತು. ಅಲ್ಲಿ ಹೆಚ್ಚುವರಿ ಸೀಟು ಹಾಕಿ ಒಂದು ಬಾಗಿಲನ್ನೇ ಮುಚ್ಚಿದ್ದರು. 59 ಸಾವು.

ಈಗ ನನ್ನ ತಪ್ಪೊಪ್ಪಿಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಟ್ಟಡದ ಶಾಫ್ಟ್ ನೋಡಿ, "ಈ ತೂತು ಯಾರು ಮುಚ್ಚಬೇಕು?" ಎಂದು ಕೇಳಿದೆ. ನಮ್ಮ ವೈರಿಂಗ್ ಕಂಟ್ರಾಕ್ಟರು, "ಗಾರೆ ಕೆಲಸ ಅಲ್ವಾ ಸಾರ್, ಸಿವಿಲ್‌ನವರದು" ಎಂದ. ಮೇಸ್ತ್ರಿ ನಕ್ಕು, "ಕಿಂಡಿ ಬಿಡಿ ಅಂದ್ರಿ, ಬಿಟ್ವಿ. ಕೇಬಲ್ ನಿಮ್ದು, ತೂತೂ ನಿಮ್ದೇ" ಎಂದ. ವಾರ ಕಳೆದು ಹೋದಾಗ ಎಲ್ಲ ಮುಚ್ಚಿತ್ತು. ಸಹಿ ಹಾಕಿದೆ. ಹೊರಡುವಾಗ ಏನೋ ಅನುಮಾನ ಬಂದು ಪೆನ್ನಿನ ತುದಿಯಿಂದ ಚುಚ್ಚಿದೆ. ಸಿಮೆಂಟಿನ ತೆಳು ಪದರ ಒಡೆದು ಪೆನ್ನಿಗೆ ಥರ್ಮಾಕೋಲ್ ಅಂಟಿಕೊಂಡು ಬಂತು, ಬಿಳಿ ಕಾಳುಗಳ ಸಮೇತ. ಎಲ್ಲ ಕೀಳಿಸಿ ಮತ್ತೆ ಮಾಡಿಸಲು ಹದಿನೈದು ದಿನ ಜಗಳವಾಡಬೇಕಾಯಿತು. ಚುಚ್ಚಿ ನೋಡಿ ಆಮೇಲೆ ಸಹಿ ಹಾಕಬೇಕಿತ್ತು, ನಾನು ತಿರುಗುಮುರುಗಾಗಿ ಮಾಡಿದ್ದೆ.

ನಮ್ಮಲ್ಲಿ ಅಜ್ಞಾನಕ್ಕಿಂತ "ಅದು ನನ್ನ ಕೆಲಸ ಅಲ್ಲ" ಎಂಬ ಮಾತೇ ಹೆಚ್ಚು ಅಪಾಯದ್ದು ಎಂದು ನನಗೆ ಅನ್ನಿಸಿದ್ದು ಆಗಲೇ. ಸಂಹಿತೆ ಓದದ ಎಂಜಿನಿಯರ್ ನಾನು ಕಂಡದ್ದು ಕಡಿಮೆ. ಇಬ್ಬರ ಕೆಲಸ ಕೂಡುವ ಕಡೆ ನಿಂತು ನೋಡಿದವರು ಇನ್ನೂ ಕಡಿಮೆ. ಸಿವಿಲ್‌ನವರೇ, ಟೆಂಡರಿನ ಪಟ್ಟಿಯಲ್ಲಿ ಈ ತೂತು ಮುಚ್ಚುವುದಕ್ಕೆ ಪ್ರತ್ಯೇಕ ಸಾಲು ಬರೆಯಿರಿ. ದರವಿಲ್ಲದ ಕೆಲಸವನ್ನು ಯಾವ ಮೇಸ್ತ್ರಿಯೂ ಮಾಡುವುದಿಲ್ಲ, ಅವನನ್ನು ಬೈದು ಪ್ರಯೋಜನವಿಲ್ಲ. ಎಲೆಕ್ಟ್ರಿಕಲ್‌ನವರೇ, ಆಮೇಲೆ ಬಂದು ಹೊಸ ಇಂಟರ್‌ನೆಟ್ ಕೇಬಲ್ ಎಳೆಯುವವನು ನೀವು ಮುಚ್ಚಿದ್ದನ್ನು ಒಡೆದೇ ಒಡೆಯುತ್ತಾನೆ. ವರ್ಷಕ್ಕೊಮ್ಮೆ ಟಾರ್ಚ್ ಹಿಡಿದು ಶಾಫ್ಟಿನ ಬಾಗಿಲು ತೆಗೆಯಿರಿ.

ಕೊನೆಯದಾಗಿ ಒಂದು ವಿನಂತಿ. ಬೆಳಿಗ್ಗೆ ವೇದಿಕೆ ಹತ್ತುವ ಮುಂಚೆ ಈ ಸಭಾಂಗಣವನ್ನು ಒಂದು ಸುತ್ತು ಹಾಕಿದೆ. ಹಳೇ ಚಟ, ಬೇಸರ ಮಾಡಿಕೊಳ್ಳಬೇಡಿ. ಎಡಗಡೆಯ ಹೊರಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದೆ, ಅದರ ಮುಂದೆ ಕುರ್ಚಿಗಳ ರಾಶಿ ಇದೆ. ಪದವಿ ಪತ್ರ ಹಂಚುವ ಮೊದಲು ಯಾರಾದರೂ ಎದ್ದು ಹೋಗಿ ಆ ಬೀಗ ತೆಗೆಸಿ. ನಾನು ಕಾಯುತ್ತೇನೆ.