ಒಪ್ಪತ್ತಿನ ದುಡಿಮೆ

"ಅವಗೇನ್ರಿ, ಒಪ್ಪತ್ತಿನ ನೌಕರಿ!" ಈ ಮಾತನ್ನು ತಾವೂ ಓಣಿಯಲ್ಲಿ ಕೇಳಿರಬಹುದು. ಬೆಳಗಿನ ಶಾಲೆ ಮುಗಿಸಿದ ಮಾಸ್ತರರು ಮಧ್ಯಾಹ್ನ ಕಟ್ಟೆಯ ಮೇಲೆ ಕಂಡರೆ ಸಾಕು, ಯಾರಾದರೊಬ್ಬರು ಅಂದೇಬಿಡುತ್ತಾರೆ. ಇಂಗ್ಲಿಷರಲ್ಲಿಯೂ ಇಂಥದೇ ಒಂದು ನುಡಿಯುಂಟು. ಕಡಿಮೆ ಹೊತ್ತು ದುಡಿಯುವವನನ್ನು ಅವರು 'ಬ್ಯಾಂಕಿನವರ ವೇಳೆ'ಯವನೆಂದು ಆಡಿಕೊಳ್ಳುತ್ತಾರೆ. ಹಿಂದೆ ನಮ್ಮ ಬ್ಯಾಂಕುಗಳಲ್ಲಿಯೂ ಹಣದ ಕಿಟಕಿ ಬೆಳಿಗ್ಗೆ ಹತ್ತಕ್ಕೆ ತೆರೆದು ಮಧ್ಯಾಹ್ನ ಎರಡಕ್ಕೆ ಮುಚ್ಚುವುದು ವಾಡಿಕೆಯಾಗಿತ್ತು. ಮುಚ್ಚಿದ ಕದದ ಹಿಂದೆ ಲೆಜ್ಜರಿನ ತಾಳೆ ಬೀಳುವವರೆಗೆ ಕುಳಿತ ಗುಮಾಸ್ತನನ್ನು ಹೊರಗಿನವರು ಕಾಣಲಿಲ್ಲ. ಕಣ್ಣಿಗೆ ಬಿದ್ದ ನಾಲ್ಕು ತಾಸು ಮಾತ್ರ ನುಡಿಗೆ ಸೇರಿತು.

ನಮ್ಮ 'ಒಪ್ಪತ್ತು' ಇದಕ್ಕಿಂತ ಹಳೆಯದು, ಹೊಲದಲ್ಲಿ ಬೆಳೆದದ್ದು. ಹಳಗನ್ನಡದ 'ಪೊತ್ತು' ಇಂದು 'ಹೊತ್ತು' ಆಗಿದೆ. ಆದರೆ ಒಪ್ಪೊತ್ತು, ಇಪ್ಪೊತ್ತು, ಮುಪ್ಪೊತ್ತು ಎಂಬ ಸಮಾಸಗಳಲ್ಲಿ ಹಳೆಯ ಪಕಾರ ಹಾಗೆಯೇ ಉಳಿದುಕೊಂಡಿದೆ. ಹೊತ್ತು ಎಂದರೆ ಕಾಲವೂ ಹೌದು, ಸೂರ್ಯನೂ ಹೌದು. ಹೊತ್ತು ಮೂಡಿತು, ಹೊತ್ತು ಮುಳುಗಿತು ಎನ್ನುತ್ತೇವಲ್ಲವೇ? ಗಡಿಯಾರವಿಲ್ಲದ ಕಾಲದಲ್ಲಿ ಸೂರ್ಯ ನೆತ್ತಿಗೆ ಬಂದರೆ ಒಂದು ಹೊತ್ತಿನ ಕೆಲಸ ತೀರಿತೆಂದು ಲೆಕ್ಕ.

ನವಲಗುಂದ, ಅಣ್ಣಿಗೇರಿಯ ಎರೆಹೊಲಗಳನ್ನು ನೋಡಿದವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ನಸುಕಿನಲ್ಲಿ ಹೂಡಿದ ಎತ್ತನ್ನು ಬಿಸಿಲೇರಿದ ಮೇಲೆ ಬಿಡಲೇಬೇಕು. ಎತ್ತಿನ ದುಡಿಮೆ ಒಪ್ಪತ್ತಿನದು. ಅದನ್ನು ಸೋಮಾರಿ ಎಂದು ಯಾರೂ ಅನ್ನಲಿಲ್ಲ. ಎರೆಮಣ್ಣಂತೂ ಒಂದು ದೊಡ್ಡ ಮಳೆ ಬಿದ್ದರೆ ಕಾಲಿಗೆ ಅಂಟಿಕೊಂಡು ಯಾರನ್ನೂ ಒಳಗೆ ಬಿಡುವುದಿಲ್ಲ. ಒಣಗಿದರೆ ಬಿರುಕು ಬಿಡುತ್ತದೆ. ನಡುವೆ ಹದ ಸಿಕ್ಕ ಕೆಲವೇ ದಿನಗಳಲ್ಲಿ ಎಡೆ ಹೊಡೆಯಬೇಕು, ಕಳೆ ತೆಗೆಯಬೇಕು. ಅತ್ತ ಕಲಘಟಗಿಯ ಕಡೆ ಭತ್ತದ ಗದ್ದೆಗಳುಂಟು. ಅಲ್ಲಿ ಮಳೆ ಬಂದರೆ ಕೆಲಸ ನಿಲ್ಲುವುದಿಲ್ಲ, ನಾಟಿ ಶುರುವಾಗುತ್ತದೆ. ಒಂದೇ ಜಿಲ್ಲೆ, ಒಂದೇ ಮಳೆ. ಕೂಲಿಯ ದಿನ ಮಾತ್ರ ಬೇರೆ ಬೇರೆ.

ಅದೇ ಶಬ್ದ ಊಟಕ್ಕೂ ಇದೆ. "ಇವತ್ತ ಸ್ವಾಮಾರ, ನಾ ಒಪ್ಪತ್ತ" ಎಂದರೆ ಒಂದೇ ಊಟ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಎತ್ತಿಗೆ ಪೂರ್ತಿ ಬಿಡುವು. ಮನೆಯಾಕೆಗೆ ಊಟ ಒಪ್ಪತ್ತು, ಕೆಲಸ ಮಾತ್ರ ಮುಪ್ಪೊತ್ತೂ! ಈ ಹಂಚಿಕೆಯನ್ನು ಯಾರು ಮಾಡಿದರೋ, ಗಂಡಸರೇ ಇರಬೇಕು.

ಈ ಎರಡು ಒಪ್ಪತ್ತುಗಳು ಕೂಡುವುದು ಕೂಲಿಯವರ ಮನೆಯಲ್ಲಿ. ಸಂಬಳದವನಿಗೆ ಒಪ್ಪತ್ತು ಎಂದರೆ ಆರಾಮ. ಕೂಲಿಯಾಕೆಗೆ ಒಪ್ಪತ್ತು ಎಂದರೆ ಅರ್ಧ ಕೂಲಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದಿದ್ದಾಳೆ. ಮಧ್ಯಾಹ್ನ ಸಾಲು ಮುಗಿದವು, ಒಡೆಯರು "ಇವತ್ತಿಗೆ ಸಾಕು" ಎಂದರು. ದುಡಿಯುವ ಮನಸ್ಸಿತ್ತು, ಹೊತ್ತೂ ಇತ್ತು, ಕೆಲಸವಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ 15ನೆಯ ಕಲಮಿನಲ್ಲಿ ಈ ಪ್ರಸಂಗವನ್ನೇ ಕುರಿತು ಬರೆದಿದ್ದರು: ಕೆಲಸಗಾರ ತಾನೇ ಒಲ್ಲೆನೆನ್ನದೆ, ಒಡೆಯ ಕೆಲಸ ಕೊಡದ್ದರಿಂದ ಹೊತ್ತು ಕಡಿಮೆಯಾದರೆ ಪೂರ್ತಿ ದಿನದ ಕೂಲಿ ಸಲ್ಲಬೇಕು ಎಂದು. ಕೆಲವು ವಿನಾಯಿತಿಗಳನ್ನೂ ಸೇರಿಸಿದ್ದರೆನ್ನಿ. ಕಲಮು ಒಳ್ಳೆಯದೇ. ಆದರೆ ಮೂರು ಕಳೆ ಸಾಲಿನಾಚೆ ನಿಂತು ಅದನ್ನು ಓದಿ ಹೇಳುವವರಾರು?

ಒಮ್ಮೆ ಕುಂದಗೋಳದ ಹತ್ತಿರದ ಮೆಣಸಿನಕಾಯಿ ಹೊಲದಿಂದ ಮಧ್ಯಾಹ್ನವೇ ಮರಳುತ್ತಿದ್ದ ಹೆಣ್ಣುಮಕ್ಕಳು ದಾರಿಯಲ್ಲಿ ಸಿಕ್ಕರು. "ಲಗೂನ ಬಿಟ್ರೇನ ಯವ್ವಾ, ಇವತ್ತ ಒಪ್ಪತ್ತ?" ಎಂದೆ. ನಗುತ್ತಲೇ ಅಂದದ್ದು, ಒಳ್ಳೆಯ ಮಾತೆಂದೇ ಅಂದದ್ದು. ಹಿರಿಯಾಕೆ ತಲೆಯ ಮೇಲಿನ ಬುಟ್ಟಿ ಸರಿಮಾಡಿಕೊಂಡು, "ಹೂಂ ರೀ ಸಾಹೇಬ್ರ, ರೊಕ್ಕಾನೂ ಒಪ್ಪತ್ತಿಂದ" ಎಂದು ಮುಂದೆ ನಡೆದಳು. ಬುಟ್ಟಿಯಲ್ಲಿ ಬುತ್ತಿಯ ಗಂಟು ಇನ್ನೂ ಬಿಚ್ಚಿರಲಿಲ್ಲ.