ಹಿಡಿ ಎಂಬ ಮಾತು

ಒಂದು ಚಿಕ್ಕ ಶಬ್ದವನ್ನು ಕುರಿತು ಅರಿಕೆ ಮಾಡಿಕೊಳ್ಳುವೆನು. ಆ ಶಬ್ದವು "ಹಿಡಿ." ದಾಸೋಹದ ಉಗ್ರಾಣಕ್ಕೆ ಅಕ್ಕಿಯನ್ನೋ ಜೋಳವನ್ನೋ ತರುವವರ ಬಾಯಲ್ಲಿ ದಿನವೂ ಕೇಳುವ ಮಾತಿದು. "ಹಿಡಿಯಷ್ಟೇ ತಂದಿರುವೆನು" ಎಂದು ಅವರು ನಾಚಿಕೊಳ್ಳುವದೂ ಉಂಟು. ಆ ನಾಚಿಕೆಗೆ ಈ ಶಬ್ದದಲ್ಲಿ ಆಧಾರವಿಲ್ಲವೆಂಬುದೇ ನನ್ನ ಅಭಿಪ್ರಾಯ.

ಹಿಡಿಯೆಂಬುದು ಕೈಯ ಕೆಲಸದ ಹೆಸರು. ಅದೇ ಅಳತೆಯ ಹೆಸರೂ ಆಗಿದೆ. ಹಳಗನ್ನಡದಲ್ಲಿ ಅದರ ರೂಪ "ಪಿಡಿ." ಪಾಲ್ ಹಾಲಾಗಿ, ಪೂ ಹೂವಾಗಿ, ಪತ್ತು ಹತ್ತಾದಂತೆ ಪಿಡಿಯೂ ಹಿಡಿಯಾಯಿತು. ತಮಿಳು ಮಲೆಯಾಳಗಳಲ್ಲಿ ಇಂದಿಗೂ ಪಿಡಿಯೇ. ತೆಲುಗಿನಲ್ಲಿ ಮುಷ್ಟಿಗೆ ಪಿಡಿಕಿಲಿ, ಹಿಡಿಯಷ್ಟಕ್ಕೆ ಪಿಡಿಕೆಡು. ಆದುದರಿಂದ ಇದು ಎರವಲು ತಂದುದಲ್ಲ, ಮನೆತನದ ಸೊತ್ತು. ಹಳಗನ್ನಡದಲ್ಲಿ ಹೆಣ್ಣಾನೆಗೂ ಪಿಡಿಯೆಂಬ ಹೆಸರುಂಟು. ಅದು ಬೇರೆಯ ಶಬ್ದ, ನಮ್ಮ ಹಿಡಿಯಲ್ಲಿ ಅಡಗತಕ್ಕದ್ದಲ್ಲ! ಕುಡುಗೋಲಿನ ಹಿಡಿಕೆ, ರೈತನ ಹಿಡುವಳಿ, ಕರಾವಳಿಯವರು ಅಂಗಳ ಗುಡಿಸುವ ಹಿಡಿಸೂಡಿ, ನೊಂದವರು ಹಾಕುವ ಹಿಡಿಶಾಪ, ಇವೆಲ್ಲ ಅದರ ಬಳಗ.

ಸಂಸ್ಕೃತದ ಮುಷ್ಟಿಯ ಲೆಕ್ಕವು ಇನ್ನೂ ಸ್ವಾರಸ್ಯವಾದುದು. ಶಾರ್ಙ್ಗಧರಸಂಹಿತೆಯೆಂಬ ವೈದ್ಯಗ್ರಂಥದಲ್ಲಿ ಮುಷ್ಟಿಯು ಒಂದು ಪಲಕ್ಕೆ ಇರುವ ಹೆಸರುಗಳಲ್ಲೊಂದು. ಎರಡು ಪಲಕ್ಕೆ ಪ್ರಸೃತಿ, ಎಂದರೆ ತೆರೆದು ಗುಳಿಮಾಡಿದ ಒಂದು ಅಂಗೈ. ಎರಡು ಪ್ರಸೃತಿಗೆ ಅಂಜಲಿ, ಎಂದರೆ ನಮ್ಮ ಬೊಗಸೆ. ಗಣಿಸಿ ನೋಡಿರಿ: ಕೈಗಳು ಎರಡೇ ಆದರೂ ಬೊಗಸೆಯಲ್ಲಿ ನಾಲ್ಕು ಮುಷ್ಟಿ ಹಿಡಿಸುವದು. ಮುಚ್ಚಿದ ಕೈಗಿಂತ ತೆರೆದ ಕೈ ಇಮ್ಮಡಿಯೆಂಬುದನ್ನು ಔಷಧ ಅಳೆಯುವವರು ಸೂತ್ರವಾಗಿಯೇ ಬರೆದಿಟ್ಟರು.

ಸೇರು, ಮಣ, ಕೊಳಗಗಳು ಊರಿಂದೂರಿಗೆ ಬೇರೆಯಾಗಿದ್ದುವು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ತರುವಾಯ ಮೆಟ್ರಿಕ್ ಪದ್ಧತಿ ನೆಲೆಗೊಂಡು, ಅವು ಕ್ರಮೇಣ ಅಂಗಡಿಯನ್ನು ಬಿಟ್ಟುವು. ವ್ಯಾಪಾರಕ್ಕೆ ಒಳ್ಳೆಯದೇ ಆಯಿತು. ಅಳೆಯುವ ಕೈ ಮಾರುವವನದಾದಲ್ಲಿ ಕೊಳ್ಳುವ ಬಡವನಿಗೆ ನ್ಯಾಯವೆಲ್ಲಿಯದು? ಕೊಡುವ ಕಡೆಯಲ್ಲಿ ಮಾತ್ರ ಹಿಡಿಯು ಉಳಿದುಕೊಂಡಿತು. ಅದಕ್ಕೆ ಸರಕಾರದ ಮುದ್ರೆ ಬೇಕಾಗಿಲ್ಲ.

ಈಚೆಗೆ "ಹಿಡಿಯಷ್ಟು ಜನ" ಎಂದು ತಿರಸ್ಕಾರದಿಂದ ಬರೆಯುವರು. ಇದು ಇಂಗ್ಲಿಷಿನ ನೆರಳೆಂದು ನನಗೆ ತೋರುತ್ತದೆ. ಕೆಲವೇ ಜನರಿಗೆ ನಮ್ಮಲ್ಲಿ "ಬೆರಳೆಣಿಕೆ"ಯೆಂಬ ಮಾತುಂಟು. ಅಲ್ಪಕ್ಕೆ ಚಿಟಿಕೆಯಿದೆ, ಎರಡು ಬೆರಳಿನ ಕೆಲಸ. ಹಿಡಿಯಾದರೋ ಐದು ಬೆರಳೂ ಸೇರಿ ಹಿಡಿಯಬಲ್ಲಷ್ಟು. ಆ ಕೈಗೆ ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಮಗುವಿನ ಹಿಡಿ ಚಿಕ್ಕದು, ಒಕ್ಕಲಿಗನದು ದೊಡ್ಡದು, ಆದರೂ ಎರಡೂ ತುಂಬಿದ ಕೈಗಳೇ.

ಈ ಸಂಪುಟದ ಕಡೆಯಲ್ಲಿ ದಾನಿಗಳ ಪಟ್ಟಿ ಅಚ್ಚಾಗುವದೆಂದು ಕೇಳಿರುವೆನು. ಅದರಲ್ಲಿ ಚೀಲ ಕ್ವಿಂಟಲುಗಳ ಕೆಳಗೆ ಹಿಡಿಯ ಲೆಕ್ಕಕ್ಕೂ ಒಂದು ಸಾಲು ಬಿಡಬೇಕೆಂದು ಉಗ್ರಾಣದವರಲ್ಲಿ ಬಿನ್ನವಿಸಿ ವಿರಮಿಸುವೆನು.